ಮೂಡಲ ಗಾಳಿಗೆ ಮುಚ್ಚಿದ ಕಿಂಡಿ

ಗೌರಿಬಿದನೂರು,
೯-೨-೧೯೬೪, ಭಾನುವಾರ

ಅಮ್ಮನಿಗೆ,

ನಿನ್ನ ಮಗಳು ಅಮ್ಮಾಜಿಯ ನಮಸ್ಕಾರಗಳು. ನಾನು ಚೆನ್ನಾಗಿದ್ದೇನೆ. ಈ ಮಾತನ್ನು ಪತ್ರದ ಮೊದಲ ಸಾಲಿನಲ್ಲಿ ಎಲ್ಲರೂ ಬರೆಯುತ್ತಾರೆ, ಜ್ವರ ಬಂದು ನಡುಗುತ್ತಿರುವವರೂ ಬರೆಯುತ್ತಾರೆ. ಆದ್ದರಿಂದ ಇನ್ನೊಂದು ಸಲ ಬರೆಯುತ್ತೇನೆ, ನಂಬು. ನಾನು ನಿಜವಾಗಿಯೂ ಚೆನ್ನಾಗಿದ್ದೇನೆ.

ನಿನ್ನ ಕಾರ್ಡು ಹೋದ ಸೋಮವಾರ ತಲುಪಿತು. ದಿನಾ ಬೆಳಗ್ಗೆ ವಾಂತಿಯಂತೆ, ನಿಜವೇ, ನಿಜವಾದರೆ ಮೊದಲ ಬಸ್ಸಿಗೆ ಹೊರಟು ಬಾ ಎಂದು ಬರೆದಿದ್ದೆ. ಅಷ್ಟೇ. ಅಮ್ಮ, ಇಂಥದ್ದನ್ನು ಕವರಿನಲ್ಲಿಟ್ಟು ಅಂಟಿಸಿ ಕಳಿಸಬಾರದಿತ್ತೇ? ನನಗಿಂತ ಮೊದಲು ಅದನ್ನು ಓದಿದವರು ಅಂಚೆಯ ಬಯ್ಯಪ್ಪನವರು. ದಿನವೂ ಏನಮ್ಮ, ಆಕಾಶ ಹೆಂಗಿದೆ ಎಂದು ನಗಿಸುತ್ತಿದ್ದವರು ಅವತ್ತು ನನ್ನ ಮುಖವನ್ನೂ ನೋಡದೆ ಕಾರ್ಡನ್ನು ಚಿಕ್ಕಮ್ಮನ ಕೈಗೆ ಕೊಟ್ಟು ಹೊರಟುಬಿಟ್ಟರು.

ಚಿಕ್ಕಮ್ಮನ ಮೇಲೂ ನನಗೆ ಕೋಪವಿದೆ. ನಿನಗೆ ಸುದ್ದಿ ಕಳಿಸಿದವಳು ಅವಳೇ ತಾನೇ? ಶುಂಠಿ ಕಷಾಯ ಕುಡಿಸಿದಳು, ದೃಷ್ಟಿ ತೆಗೆದಳು, ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಡಾಕ್ಟರು ಪಿತ್ತ ಎಂದು ಹೇಳಿ ಕೆಂಪು ನೀರಿನ ಬಾಟಲಿ ಕೊಟ್ಟರು. ಯಾವುದಕ್ಕೂ ನಿಲ್ಲದಿದ್ದಾಗ ಅಕ್ಕನಾದ ನಿನಗೆ ಬರೆದಳು. ಅವಳ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆನೇನೋ.

ನೀನು ಕಾರ್ಡಿನಲ್ಲಿ ಕೇಳದೆ ಬಿಟ್ಟ ಪ್ರಶ್ನೆಯೂ ನನಗೆ ಅರ್ಥವಾಯಿತು. ಮದುವೆಯಾಗದ ಹುಡುಗಿ, ಗಂಡಸರ ನಡುವೆ ವಿಮಾನ ಕಲಿಯುವುದಕ್ಕೆ ಹೋಗಿದ್ದಾಳೆ, ಬೆಳಗಾದರೆ ವಾಂತಿ. ನಮ್ಮ ಮೇಲೂರಿನ ಬಾವಿಕಟ್ಟೆಯ ಮೇಲೆ ಇದಕ್ಕೆ ಎಂಥ ಬಣ್ಣ ಬಳಿಯುತ್ತಾರೆ ಎಂದು ಯಾರೂ ನನಗೆ ಹೇಳಬೇಕಾಗಿಲ್ಲ. ಅಂಥದ್ದೇನೂ ಇಲ್ಲ ಅಮ್ಮ. ನಿನಗೆ ಹೀಗೊಂದು ಸಾಲು ಬರೆಯಬೇಕಾಗಿದೆಯಲ್ಲ ಎಂದು ಕಾರ್ಡು ಬಂದ ರಾತ್ರಿ ತುಂಬಾ ಅತ್ತೆ. ನಿನ್ನ ಮೇಲೆ ಕೆಟ್ಟ ಸಿಟ್ಟು ಬಂದಿತ್ತು, ಆ ಸಿಟ್ಟಿನಲ್ಲಿ ಉತ್ತರ ಬರೆದಿದ್ದರೆ ಇಬ್ಬರಿಗೂ ಒಳ್ಳೆಯದಾಗುತ್ತಿರಲಿಲ್ಲ. ಈಗ ಇಳಿದಿದೆ, ಅದಕ್ಕೇ ಬರೆಯುತ್ತಿದ್ದೇನೆ.

ವಾಂತಿಯಾಗುತ್ತಿದ್ದದ್ದು ನಿಜ. ಯಾಕೆ ಎಂದು ಮೊದಲಿನಿಂದ ಹೇಳುತ್ತೇನೆ. ಅಪ್ಪ ನಿನಗೆ ಎಲ್ಲವನ್ನೂ ಅರ್ಧಂಬರ್ಧ ಹೇಳಿರುತ್ತಾರೆ, ಉಳಿದರ್ಧವನ್ನು ನೀನು ಹೆದರಿಕೆಯಿಂದ ತುಂಬಿಕೊಂಡಿರುತ್ತೀಯ.

ಬೆಂಗಳೂರಿನ ಮೈದಾನವನ್ನು ದುರಸ್ತಿಗೆ ಅಗೆದಿರುವುದರಿಂದ ಕ್ಲಬ್ಬಿನವರು ಯುಗಾದಿಯವರೆಗೆ ಇಲ್ಲಿ, ಊರಾಚೆಯ ಬಯಲಿನಲ್ಲಿ ಕ್ಯಾಂಪು ಹಾಕಿದ್ದಾರೆ. ನಮ್ಮ ಪಾಲಿಗೆ ಇರುವುದು ಒಂದೇ ವಿಮಾನ, ಅದೂ ಯುದ್ಧದ ಕಾಲದ್ದು. ಮುಂದೆ ಅಕ್ಕಪಕ್ಕ ಎರಡು ಸೀಟು, ಹಿಂದೆ ಒಬ್ಬರು ಮುದುಡಿಕೊಂಡು ಕೂರುವಷ್ಟು ಜಾಗ, ಅದರ ಹಿಂದೆ ಬಾಲದ ಕಡೆಗೆ ಅಡ್ಡವಾಗಿ ಕಟ್ಟಿದ ಒಂದು ಕ್ಯಾನ್ವಾಸು. ಕೂತವರಿಗೆ ಹೊಸ ಗಾಳಿ ಬರಲೆಂದು ಮೂತಿಯ ಪಕ್ಕದಲ್ಲಿ ಅಂಗೈಯಗಲದ ಒಂದು ಕಿಂಡಿ ಇದೆ. ಇಂಜಿನ್ನಿನ ಹೊಗೆಕೊಳವೆ ಹೊಟ್ಟೆಯ ಕೆಳಗೆ ತೆರೆದುಕೊಳ್ಳುತ್ತದೆ. ಇಷ್ಟನ್ನು ನೆನಪಿಟ್ಟುಕೊಂಡರೆ ಸಾಕು, ಉಳಿದದ್ದು ನಿನಗೆ ನನಗಿಂತ ಚೆನ್ನಾಗಿ ಗೊತ್ತು.

ಕಲಿಸುವವರು ಚನ್ನಕೇಶವ ಮೇಷ್ಟ್ರು, ಚಿಂತಾಮಣಿಯವರು, ವಾಯುಪಡೆ ಬಿಟ್ಟು ಬಂದವರು. ವಿಮಾನ ನೋಡಿಕೊಳ್ಳುವ ಮೆಕ್ಯಾನಿಕ್ಕು ಮುನಿನಾರಾಯಣಪ್ಪನವರು ಶಿಡ್ಲಘಟ್ಟದವರೇ. ಅವರ ಮನೆಯಲ್ಲೂ ನಮ್ಮ ಹಾಗೆ ರೇಷ್ಮೆ ಹುಳ ಮೇಯಿಸುತ್ತಾರೆ. ಮೊದಲ ದಿನವೇ ನಿಮ್ಮದು ಯಾವ ತಳಿ, ಸೊಪ್ಪು ಎಲ್ಲಿಂದ, ಹೋದ ಬೆಳೆ ಹೆಂಗಾಯ್ತು ಎಂದು ಕೇಳಿ ನನ್ನನ್ನು ಮನೆಯ ಹುಡುಗಿ ಮಾಡಿಕೊಂಡರು.

ನನಗೆ ಬೆಳಗಿನ ಮೊದಲ ಪಾಳಿ. ಊರು ಏಳುವ ಮೊದಲು ನಾನು ಪ್ಯಾಂಟು ಹಾಕಿಕೊಂಡು ಬೀದಿ ದಾಟಬೇಕು ಎಂಬುದು ಚಿಕ್ಕಮ್ಮನ ಕರಾರು. ಡಿಸೆಂಬರಿನಲ್ಲಿ ಎಲ್ಲ ಸರಿಯಾಗಿಯೇ ಇತ್ತು. ಪುಷ್ಯ ಹುಟ್ಟಿ ಚಳಿ ಕಚ್ಚತೊಡಗಿದ ಮೇಲೆ ನನ್ನ ಕಾಯಿಲೆ ಶುರುವಾಯಿತು. ಮೇಲೆ ಹೋಗಿ ಸ್ವಲ್ಪ ಹೊತ್ತಾದರೆ ಹಣೆಯ ಎರಡು ಕಡೆಯೂ ಸಿಡಿತ, ಆಮೇಲೆ ನಿದ್ದೆ ಬಂದ ಹಾಗೆ ಮಂಕು, ಇಳಿದ ಕೂಡಲೇ ರೆಕ್ಕೆಯ ಕೆಳಗೆ ಕೂತು ವಾಂತಿ. ಮಧ್ಯಾಹ್ನದ ಪಾಳಿಯ ಹುಡುಗರು ನಗುನಗುತ್ತಾ ಹತ್ತಿ ನಗುನಗುತ್ತಾ ಇಳಿಯುತ್ತಿದ್ದರು. ಹೆಣ್ಣುಮಕ್ಕಳಿಗೆ ಇದು ಆಗದ ಕೆಲಸ ಎಂದು ಅವರಲ್ಲೊಬ್ಬ ನನಗೆ ಕೇಳಿಸುವಂತೆಯೇ ಹೇಳಿದ.

ಇಲ್ಲಿಂದ ಮುಂದಿನ ನಾಲ್ಕು ಸಾಲನ್ನು ಅಪ್ಪನಿಗೆ ಓದಿ ಹೇಳಬೇಡ. ಹೋದ ಸೋಮವಾರ ಬೆಳಗ್ಗೆ ಇಳಿಯುವಾಗ ಎದುರಿಗಿದ್ದ ಬಯಲು ನನಗೆ ಎರಡಾಗಿ ಕಾಣಿಸಿತು. ಯಾವುದರ ಮೇಲೆ ಇಳಿಯಬೇಕೆಂದು ತಿಳಿಯದೆ ಕೈ ಸಡಿಲವಾಯಿತು. ಮೇಷ್ಟ್ರು ಹಿಡಿಕೆ ಕಿತ್ತುಕೊಂಡು ವಿಮಾನವನ್ನು ಮೇಲಕ್ಕೆತ್ತಿ, ಇನ್ನೊಂದು ಸುತ್ತು ಹೊಡೆದು ತಾವೇ ಇಳಿಸಿದರು.

ಅವತ್ತು ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕಾಫಿ ತರಿಸಿ ಕೊಟ್ಟು, ಮೆಲ್ಲಗೆ, "ಅಮ್ಮಾಜಿ, ನಿನ್ ಕೈ ಒಳ್ಳೇದು ಕಣಮ್ಮ. ಆದ್ರೆ ಮೈ ಒಪ್ತಿಲ್ಲ. ಶುಕ್ರವಾರ ನಾನು ಬೆಂಗಳೂರಿಗೆ ಬರೀಬೇಕು, ನೀನು ಹಾರೋಕೆ ಆಗ್ತೀಯೋ ಇಲ್ವೋ ಅಂತ. ಆಗಲ್ಲ ಅಂತ ಒಂದ್ಸಲ ಬರೆದ್ರೆ ಇನ್ಯಾವ ಕ್ಲಬ್ನೋರೂ ಸೇರಿಸ್ಕೊಳಲ್ಲ," ಎಂದರು. ನಾನು ತಲೆಯಾಡಿಸಿ ಸೈಕಲ್ಲು ಹತ್ತಿದೆ. ಮನೆಗೆ ಬಂದ ಸ್ವಲ್ಪ ಹೊತ್ತಿಗೆ ನಿನ್ನ ಕಾರ್ಡು ಬಂತು. ನನ್ನ ಮೈಯೂ ಬೇಡ ಎನ್ನುತ್ತಿದೆ, ನೀನೂ ಬೇಡ ಎನ್ನುತ್ತಿದ್ದೀಯ ಎನ್ನಿಸಿತು. ಟ್ರಂಕನ್ನು ಮಂಚದ ಕೆಳಗಿನಿಂದ ಎಳೆದು ಬಟ್ಟೆ ಜೋಡಿಸಿದೆ ಕೂಡ.

ಮಂಗಳವಾರ ಬೆಳಗ್ಗೆ ಹೋಗಲಿಲ್ಲ. ಮಧ್ಯಾಹ್ನ ಚಿಕ್ಕಮ್ಮ ನಗರಗೆರೆಗೆ ಯಾರದೋ ಸೀಮಂತಕ್ಕೆ ಹೋದಳು. ಕೊನೆಯ ಸಲ ಎಂದು ಬಯಲಿಗೆ ಹೋದೆ. ಒಬ್ಬ ಹುಡುಗ ಬಂದಿರಲಿಲ್ಲ, ಅವನ ಪಾಳಿ ಖಾಲಿ ಇತ್ತು, ಮೇಷ್ಟ್ರು ಬಾ ಎಂದರು. ಅಮ್ಮ, ನನಗೆ ಏನೂ ಆಗಲಿಲ್ಲ! ಬಿಸಿಲಿಗೆ ವಿಮಾನ ಎತ್ತಿನ ಗಾಡಿಯ ಹಾಗೆ ಕುಲುಕಾಡುತ್ತಿತ್ತು, ಆದರೂ ತಲೆ ತಿಳಿಯಾಗಿತ್ತು, ಮೂರು ಸಲ ನೆಟ್ಟಗೆ ಇಳಿಸಿದೆ. ಹೊಟ್ಟೆ ತುಂಬ ಉಂಡು ಹೋದದ್ದಕ್ಕೆ ಹೀಗಾಯಿತೆಂದುಕೊಂಡು ಬುಧವಾರ ಬೆಳಗ್ಗೆ ರಾಗಿಮುದ್ದೆಯನ್ನೇ ತಿಂದು ಹೋದೆ. ಮತ್ತೆ ಅದೇ ಸಿಡಿತ, ಅದೇ ವಾಂತಿ, ಈ ಸಲ ಮುದ್ದೆಯ ಸಮೇತ.

ಮುಖ ತೊಳೆದುಕೊಂಡು ಚಕ್ರಕ್ಕೆ ಒರಗಿ ಕೂತಿದ್ದೆ. ಬಿಸಿಲು ಏರುತ್ತಿತ್ತು. ಮುನಿನಾರಾಯಣಪ್ಪನವರು ಬಂದು ಮೂತಿಯ ಕಿಂಡಿಯೊಳಗಿನಿಂದ ಗೋಣಿತಾಟಿನ ಉಂಡೆಯೊಂದನ್ನು ಎಳೆದು ಹೊರಗೆ ಹಾಕಿದರು. ಆ ಗೋಣಿ ನನಗೆ ಹೊಸದಲ್ಲ. ಬೆಳಗಿನ ಗಾಳಿಗೆ ಮಂಡಿ ಮರಗಟ್ಟುತ್ತದೆ ಎಂದು ಮೇಷ್ಟ್ರು ಗೊಣಗಿದ್ದರಿಂದ ಪುಷ್ಯದ ಮೊದಲ ವಾರದಿಂದ ಬೆಳಗ್ಗೆ ಇವರು ಅದನ್ನು ತುರುಕುತ್ತಿದ್ದರು. ಒಳಗೆ ಉಸಿರು ಕಟ್ಟಬಾರದೆಂದು ಮೇಷ್ಟ್ರ ಪಕ್ಕದ ಕಿಟಕಿಯನ್ನು ಎರಡು ಬೆರಳಿನಷ್ಟು ಸರಿಸಿಡುತ್ತಿದ್ದರು. ಬಿಸಿಲೇರಿದ ಮೇಲೆ ಗೋಣಿ ತೆಗೆಯುತ್ತಿದ್ದರು. ನಮ್ಮ ಹುಳದ ಮನೆಯಲ್ಲಿ ನೀನು ಮಾಡುವುದೂ ಅದೇ ಅಲ್ಲವೇ? ಮೂಡಲ ಗಾಳಿ ಬೀಸುವ ದಿನಗಳಲ್ಲಿ ಮೂಡಲ ಕಿಟಕಿಗೆ ಗೋಣಿ, ಪಡುವಲ ಕಿಟಕಿ ಓರೆ, ಹೊತ್ತೇರಿದ ಮೇಲೆ ಎರಡೂ ತೆರೆದು. ಮೊದಲ ದಿನ ಅದನ್ನು ಕಂಡು ಒಳ್ಳೆ ಕೆಲಸ ಮಾಡಿದಿರಿ ಎಂದು ನಾನೇ ಅವರನ್ನು ಹೊಗಳಿದ್ದೆ.

ಆದರೆ ಅವತ್ತು ಆ ಗೋಣಿಯನ್ನು ನೋಡುತ್ತಾ ಕೂತವಳಿಗೆ ಪಕ್ಕದ ಮನೆಯ ಆಂಜಿನಮ್ಮ ನೆನಪಾದಳು. ಆ ವರ್ಷ ಹುಳ ನಾಲ್ಕನೇ ಜ್ವರದ ಪೊರೆ ಕಳಚಿ ಎದ್ದು ಸೊಪ್ಪಿಗೆ ಬಿದ್ದಿದ್ದವು, ಅವಳು ಹಿತ್ತಲಲ್ಲಿ ಮೆಣಸಿನಕಾಯಿ ಹುರಿಯುವುದಕ್ಕೆ ಕೂತಳು. ನಮ್ಮ ಮೂಡಲ ಕಿಟಕಿ ಭದ್ರವಾಗಿ ಮುಚ್ಚಿತ್ತು. ಆದರೂ ಘಾಟು ಒಳಗೆ ತುಂಬಿತು, ತಟ್ಟೆಗಳಲ್ಲಿ ಹುಳ ತಲೆಯೆತ್ತಿಕೊಂಡು ಮೇವು ಬಿಟ್ಟವು. ನೀನು ಓಡಿಹೋಗಿ ಅವಳ ಒಲೆಗೆ ಕೊಡ ನೀರು ಸುರಿದು ಬಂದೆ, ಎರಡು ಮನೆಗೂ ಸಂಕ್ರಾಂತಿಯವರೆಗೆ ಮಾತಿರಲಿಲ್ಲ. ಘಾಟು ಬಂದದ್ದು ಬಚ್ಚಲ ತೂಬಿನಿಂದ. ಮುಂದೆ ಮುಚ್ಚಿ ಹಿಂದೆ ತೆರೆದರೆ ಮನೆ ತೂಬಿನಿಂದ ಉಸಿರೆಳೆಯುತ್ತದೆ ಎಂದು ಅವತ್ತು ನೀನೇ ಹೇಳಿದ್ದೆ. ಹಾಗಾದರೆ ಈ ವಿಮಾನಕ್ಕೆ ತೂಬು ಯಾವುದು?

ವಿಮಾನಕ್ಕೆ ಮುಖವಿದ್ದ ಕಡೆಯೇ ಮೂಡಲು ಅಮ್ಮ, ಗಾಳಿ ಸದಾ ಎದುರಿನಿಂದಲೇ. ಆ ಕಿಂಡಿ ಮುಚ್ಚಿ ಪಕ್ಕದ ಕಿಟಕಿ ಸರಿಸಿದರೆ, ಓಟಕ್ಕೆ ಒಳಗಿನ ಗಾಳಿ ಕಿಟಕಿಯಿಂದ ಹೊರಗೆ ಸೆಳೆದುಹೋಗುತ್ತದೆ. ಬದಲಿಗೆ ಬೇರೆ ಗಾಳಿ ಎಲ್ಲಿಂದಲಾದರೂ ಒಳಗೆ ಬರಲೇಬೇಕು. ಹೊಟ್ಟೆಯ ಸಂದುಗಳಿಂದ ಬರುತ್ತಿದ್ದರೆ, ಅಲ್ಲಿ ಹರಿಯುವುದು ಹೊಗೆ.

ಈ ಯೋಚನೆಯನ್ನು ಹೇಳುವುದಕ್ಕೆ ನನಗೆ ಧೈರ್ಯವಾಗಲಿಲ್ಲ. ಹಾರಲಾರದ ಹುಡುಗಿ ವಿಮಾನದ ಮೇಲೆ ತಪ್ಪು ಹೊರಿಸುತ್ತಿದ್ದಾಳೆ ಎಂದುಕೊಂಡರೆ? ಮನೆಗೆ ಹೋಗಿ ಟ್ರಂಕಿನಿಂದ ನಿನ್ನ ಹಸಿರು ರೇಷ್ಮೆ ಸೀರೆ ತೆಗೆದು, ಸೆರಗಿನ ಕುಚ್ಚಿನಿಂದ ಒಂದಷ್ಟು ಎಳೆ ಬಿಡಿಸಿಕೊಂಡೆ. ಬೈಯಬೇಡ, ಕಟ್ಟಿಸಿಕೊಡುತ್ತೇನೆ. ಗುರುವಾರ ಎಲ್ಲರಿಗಿಂತ ಮುಂಚೆ ಹೋಗಿ ಅನ್ನದ ಅಗುಳಿನಿಂದ ಆ ಎಳೆಗಳನ್ನು ಕಿಟಕಿಯ ಹತ್ತಿರ, ಸೀಟಿನ ಪಕ್ಕ, ಕಾಲ ಬುಡದಲ್ಲಿ, ಹಿಂದಿನ ಕ್ಯಾನ್ವಾಸಿನ ಅಂಚಿನಲ್ಲಿ ಅಂಟಿಸಿದೆ. ಮುನಿನಾರಾಯಣಪ್ಪನವರು ನೋಡಿದರು. "ಏನಮ್ಮಾ ಇದು, ವಿಮಾನಕ್ಕೆ ಮದ್ವೆ ಮಾಡ್ತೀಯಾ?" ಎಂದರು. ಇವತ್ತು ನೀವೂ ಹಿಂದೆ ಕೂತು ಬನ್ನಿ, ಎಳೆ ಯಾವ ಕಡೆ ವಾಲುತ್ತವೆ ಹೇಳಿ ಎಂದೆ. ಬೆಳಗಿನ ಹೊತ್ತು ಅವರು ಎಂದೂ ಮೇಲೆ ಬಂದವರಲ್ಲ. ಮೇಷ್ಟ್ರು ಹುಬ್ಬೇರಿಸಿದರು, ಆದರೆ ಬೇಡ ಎನ್ನಲಿಲ್ಲ.

ಎಂದಿನಂತೆ ಗೋಣಿ ತುರುಕಿ ಹೊರಟೆವು. ಮೇಲೆ ಹೋದ ಮೇಲೆ ಕಿಟಕಿಯ ಎಳೆ ಹೊರಗೆ ಹಾರಿತು. ನಾನು ಹಿಂದಿರುಗಿ ನೋಡಲಾರೆ, ಕೈಯಲ್ಲಿ ವಿಮಾನವಿದೆ. ಮೇಷ್ಟ್ರು ತಿರುಗಿ ನೋಡಿದವರು ತಿರುಗಿದ ಹಾಗೇ ಇದ್ದುಬಿಟ್ಟರು. ಆಮೇಲೆ ಕಿಟಕಿಯನ್ನು ಪೂರ್ತಿ ಮುಚ್ಚಿ, ಇಳಿಸು ಎಂದು ಸನ್ನೆ ಮಾಡಿದರು. ನಿಂತ ಮೇಲೆ ತಿಳಿಯಿತು. ಹಿಂದಿನ ಎಳೆಗಳೆಲ್ಲ ಬಾಲದ ಕಡೆಯಿಂದ ನಮ್ಮ ಬೆನ್ನಿನ ಕಡೆಗೇ ನೆಟ್ಟಗೆ ಚಾಚಿದ್ದವಂತೆ, ಕ್ಯಾನ್ವಾಸು ಬಸುರಿಯ ಹೊಟ್ಟೆಯ ಹಾಗೆ ಮುಂದಕ್ಕೆ ಉಬ್ಬಿಕೊಂಡಿತ್ತಂತೆ. (ಹೋಲಿಕೆ ಮುನಿನಾರಾಯಣಪ್ಪನವರದು. ನಿನ್ನ ಕಾರ್ಡಿನ ವಿಷಯ ಪಾಪ ಅವರಿಗೆ ಗೊತ್ತಿರಲಿಲ್ಲ.)

ಮುನಿನಾರಾಯಣಪ್ಪನವರು ಇಳಿದು ನೆಲದ ಮೇಲೇ ಕೂತುಬಿಟ್ಟರು. ಅವರಿಗೂ ತಲೆ ಸಿಡಿಯುತ್ತಿತ್ತು. "ಅಯ್ಯೋ ದೇವುಡಾ, ಹುಳಕ್ ಹೊಗೆ ಹಾಕ್ದಂಗೆ ಈ ಮಗೀಗೆ ಹಾಕ್ಬಿಟ್ನಲ್ಲಪ್ಪಾ. ನಮ್ಮನೇಲಿ ಮಾಡ್ದಂಗೇ ಮಾಡ್ದೆ," ಎಂದು ಹಣೆ ಚಚ್ಚಿಕೊಂಡರು. ಕೆಲಸ ಹೋಗುತ್ತದೆಂಬ ಭಯವೂ ಮುಖದಲ್ಲಿತ್ತು. ಮೇಷ್ಟ್ರು ಬೆಂಕಿಯಾಗುತ್ತಾರೆ ಎಂದುಕೊಂಡೆ. ಅವರು ಮಫ್ಲರು ಬಿಚ್ಚಿ ಮುಖ ಒರೆಸಿಕೊಂಡು, "ಮಂಡಿ ಚಳಿ ಅಂದೋನು ನಾನು ಕಣಯ್ಯ. ನಂಗೂ ದಿನಾ ತಲೆನೋವು, ಚಳಿಗೇ ಅಂತ ಇದ್ನ ಸುತ್ಕೊಂಡು ಕೂತಿದ್ದೆ. ಏಳು, ರಿಪೇರಿ ನೋಡಣ," ಎಂದರು. ಅವರು ಕಿಟಕಿಯ ಪಕ್ಕ ಕೂರುತ್ತಿದ್ದರಿಂದ ಸ್ವಲ್ಪ ಪಾರಾಗಿದ್ದರು. ಹೊಗೆಯ ದೊಡ್ಡ ಪಾಲು ನನ್ನದು.

ಅವತ್ತು ಮಧ್ಯಾಹ್ನದ ಪಾಳಿಗಳನ್ನೆಲ್ಲ ರದ್ದು ಮಾಡಿ ವಿಮಾನವನ್ನು ಬಿಚ್ಚಿ ಕೂತೆವು. ಗೋಣಿ ತೆಗೆದರೆ ಮುಗಿಯಿತು ಎಂದುಕೊಂಡಿದ್ದೆ, ಮುಗಿಯಲಿಲ್ಲ. ಗೋಣಿಯಿಲ್ಲದೆ ಒಂದು ಸುತ್ತು ಹೋಗಿ ನೋಡಿದರೆ ಹಿಂದಿನ ಎಳೆಗಳು ಅತ್ತಲೂ ಇಲ್ಲ ಇತ್ತಲೂ ಇಲ್ಲ, ತೂಕಡಿಸುತ್ತಿದ್ದವು. ಹುಡುಕಿದಾಗ, ಕ್ಯಾನ್ವಾಸಿನ ಹಿಂದೆ ಬಾಲಕ್ಕೆ ಹೋಗುವ ತಂತಿಗಳು ವಿಮಾನದ ನೆಲವನ್ನು ತೂರುವ ಕಡೆ ರಬ್ಬರೆಲ್ಲ ಉದುರಿ ದೊಡ್ಡ ದೊಡ್ಡ ತೂತುಗಳಾಗಿದ್ದವು. ಅದೇ ನಮ್ಮ ಬಚ್ಚಲ ತೂಬು! ಹೊಗೆಕೊಳವೆಯ ಬೆಸುಗೆಯಲ್ಲೂ ಕೂದಲೆಳೆಯಷ್ಟು ಬಿರುಕಿತ್ತು. ಇನ್ನೊಂದು ತಮಾಷೆ ಕೇಳು. ಕೆಟ್ಟ ಗಾಳಿ ಹೊರಗೆ ಹೋಗಲೆಂದು ತಲೆಯ ಮೇಲೆ ಹಿಂಬದಿಯಲ್ಲಿ ಒಂದು ಕಿಂಡಿ ಮೊದಲಿನಿಂದಲೂ ಇತ್ತಂತೆ. ಯಾವ ಕಾಲದಲ್ಲೋ ವಿಮಾನಕ್ಕೆ ಹೊಸ ಬಟ್ಟೆ ಹೊದಿಸಿದ ಪುಣ್ಯಾತ್ಮರು ಅದರ ಮೇಲೂ ಬಟ್ಟೆ ಎಳೆದು ಬಣ್ಣ ಬಳಿದಿದ್ದರು. ಬೆರಳಿನಿಂದ ತಟ್ಟಿ ನೋಡುತ್ತಾ ಹೋದ ಮುನಿನಾರಾಯಣಪ್ಪನವರಿಗೆ ಅದು ಸಿಕ್ಕಿತು.

ಅವರು ಊಟಕ್ಕೂ ಏಳಲಿಲ್ಲ. ಕೊಳವೆ ಬೆಸೆದರು, ತೂತುಗಳಿಗೆ ಚರ್ಮದ ಬಿಲ್ಲೆ ಕೂರಿಸಿದರು, ತಲೆಯ ಮೇಲಿನ ಕಿಂಡಿಯ ಬಟ್ಟೆ ಕತ್ತರಿಸಿ ಅಂಚು ಕಟ್ಟಿದರು. ಕ್ಯಾನ್ವಾಸನ್ನು ನಾನೇ ದಬ್ಬಳ ಹಿಡಿದು ಚೌಕಟ್ಟಿಗೆ ಒತ್ತಾಗಿ ಹೊಲಿದೆ. ಮೂತಿಯ ಕಿಂಡಿಗೆ ಒಂದು ತಗಡಿನ ಮುಚ್ಚಳ ಬಂತು, ಎಷ್ಟು ತಳ್ಳಿದರೂ ಅರ್ಧಕ್ಕೇ ನಿಲ್ಲುವ ಹಾಗೆ ಅದಕ್ಕೊಂದು ಮೊಳೆ. ಯಾರಿಗೆ ಎಷ್ಟು ಚಳಿಯಾದರೂ ಇನ್ನು ಪೂರ್ತಿ ಮುಚ್ಚಲು ಬರುವುದಿಲ್ಲ.

ಶುಕ್ರವಾರ ಬೆಳಗ್ಗೆ ಮೊದಲು ಮೇಷ್ಟ್ರೂ ಮುನಿನಾರಾಯಣಪ್ಪನವರೂ ಹೋಗಿ ನೋಡಿಕೊಂಡು ಬಂದರು. ಆಮೇಲೆ ನನ್ನ ಸರದಿ. ಮಂಡಿಯ ಮೇಲೆ ಚಿಕ್ಕಮ್ಮನ ಕಂಬಳಿ. ಒಂದು ಗಂಟೆ ಮೇಲಿದ್ದೆವು. ಹಿಂದಿನ ಎಳೆಗಳು ಬಾಲದ ಕಡೆಗೆ ವಾಲಿ ಮಲಗಿದ್ದವು ಎಂದು ಮೇಷ್ಟ್ರು ಹೇಳಿದರು. ನಾನು ಹಣೆಯ ಸಿಡಿತಕ್ಕಾಗಿ ಕಾಯುತ್ತಿದ್ದೆ, ಈಗ ಬರುತ್ತದೆ, ಈಗ ಬರುತ್ತದೆ ಎಂದು. ಬರಲೇ ಇಲ್ಲ. ಪಿನಾಕಿನಿಯ ಮರಳು ಬೆಳ್ಳಗೆ, ಗದ್ದೆಗಳ ಬದುಗಳು ಒಂದೊಂದಾಗಿ, ಹಿಂದೂಪುರದ ರೈಲಿನ ಹೊಗೆ ಕೂಡ ಸ್ಪಷ್ಟವಾಗಿ ಕಾಣಿಸುತ್ತಿತ್ತು. ಇಳಿದು ಎರಡು ಕಾಲ ಮೇಲೆ ನಿಂತೆ, ನಿಂತೇ ಇದ್ದೆ. ಮೇಷ್ಟ್ರು ಅಲ್ಲೇ ರೆಕ್ಕೆಯ ಮೇಲೆ ಕಾಗದವಿಟ್ಟು ಬರೆದರು. ಹುಡುಗಿ ಹಾರುವುದಕ್ಕೆ ಸರಿಯಾಗಿದ್ದಾಳೆ, ವಿಮಾನ ಸರಿಯಿರಲಿಲ್ಲ, ಸರಿ ಮಾಡಿದ್ದೇವೆ ಎಂದು. ಗೋಣಿಯ ವಿಷಯವನ್ನೂ ಬರೆದು, ಮಾಡಿಸಿದವನು ತಾನು ಎಂದು ಸೇರಿಸಿದರು. ಮುನಿನಾರಾಯಣಪ್ಪನವರ ಕೆಲಸಕ್ಕೆ ತೊಂದರೆಯಿಲ್ಲ.

ಆದ್ದರಿಂದ ಅಮ್ಮ, ನಾನು ಮೊದಲ ಬಸ್ಸಿಗೂ ಬರುವುದಿಲ್ಲ, ಎರಡನೆಯದಕ್ಕೂ ಇಲ್ಲ. ಯುಗಾದಿಗೆ ಬರುತ್ತೇನೆ. ಬಾವಿಕಟ್ಟೆಯಲ್ಲಿ ಯಾರಾದರೂ ಕೇಳಿದರೆ ಬಚ್ಚಲ ತೂಬಿನ ಕಥೆ ಹೇಳು, ಆಂಜಿನಮ್ಮನನ್ನು ಸಾಕ್ಷಿಗೆ ಕರೆ. ನಾನು ಸುಳ್ಳು ಹೇಳುತ್ತಿಲ್ಲವೆಂದು ನಿನಗೆ ಗೊತ್ತಾಗಬೇಕು, ಉಳಿದವರು ಏನಾದರೂ ಅಂದುಕೊಳ್ಳಲಿ. ನಿನ್ನ ಉತ್ತರ ಬರುವವರೆಗೂ ನನಗೆ ಅನ್ನ ಸೇರುವುದಿಲ್ಲ. ಒಂದೇ ಸಾಲಾದರೂ ಸರಿ, ಕವರಿನಲ್ಲಿ ಬರೆ.

ಇನ್ನು ಮುಂದಿನ ಪಾಠ ಒಬ್ಬಳೇ ಹಾರುವುದು. ಅದಕ್ಕೆ ಇನ್ನೂ ಸಮಯವಿದೆ, ಈಗಲೇ ಚಿಂತೆ ಹಚ್ಚಿಕೊಳ್ಳಬೇಡ. ಅಪ್ಪನಿಗೂ ಅಜ್ಜಿಗೂ ನಮಸ್ಕಾರ ಹೇಳು.

ನಿನ್ನನ್ನು ಬೈದುಕೊಂಡೂ ನೆನೆಯುವ,
ನಿನ್ನ ಮಗಳು
ಅಮ್ಮಾಜಮ್ಮ

ತಾ. ಕ.: ಕವರು ಅಂಟಿಸುವುದಕ್ಕೆ ಕೂತರೆ ಕೈ ಬರುತ್ತಿಲ್ಲ. ಕೊನೆಯಲ್ಲಿ ಬರೆದ ಒಂದು ಮಾತು ನಿಜವಲ್ಲ. ನಿನ್ನೆ ಶನಿವಾರ ಬೆಳಗ್ಗೆ ಮೇಷ್ಟ್ರು ನನ್ನ ಜೊತೆ ಎರಡು ಸುತ್ತು ಬಂದು, ಇಳಿದು, ಹೊರಗಿನಿಂದ ಬಾಗಿಲು ಹಾಕಿ, "ಹೋಗ್ ಬಾರಮ್ಮ" ಎಂದುಬಿಟ್ಟರು. ಪಕ್ಕದ ಸೀಟು ಖಾಲಿ, ಹಿಂದೆಯೂ ಯಾರಿಲ್ಲ. ಇದನ್ನು ಮೊದಲೇ ಬರೆದಿದ್ದರೆ ನೀನು ಉಳಿದದ್ದನ್ನು ಓದದೆ ಬಸ್ಸು ಹತ್ತುತ್ತಿದ್ದೆ. ಮೇಲೆ ಹೋಗಿ ತಿರುವು ತೆಗೆದುಕೊಂಡ ಮೇಲೆ, ಕೇಳುವವರು ಯಾರೂ ಇಲ್ಲವಲ್ಲ ಎಂದು, ಗಂಟಲು ಬಿರಿಯುವ ಹಾಗೆ ಅಮ್ಮಾ ಎಂದು ಕೂಗಿದೆ. ಹೆದರಿಕೆಗೆ ಅಂದುಕೊಳ್ಳಬೇಡ. ಅಷ್ಟು ಸಂತೋಷವಾದಾಗ ಕರೆಯುವುದಕ್ಕೆ ನನಗೆ ಬೇರೆ ಹೆಸರು ಬರಲಿಲ್ಲ.